ಪಿಯು ಇಂಟಿಗ್ರೇಟೆಡ್ ನೀಟ್ ಬ್ಯಾಚ್: ವರ್ಷದ ಮಧ್ಯೆ ಟೈಮ್‌ಟೇಬಲ್ ಬದಲಿಸಬೇಕಾ, ಬೇಡವಾ?

ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಒಂದು ಖಾಸಗಿ ಪಿಯು ಕಾಲೇಜಿನ ಇಂಟಿಗ್ರೇಟೆಡ್ ನೀಟ್ ಬ್ಯಾಚ್‌ಗೆ (ಅಂದರೆ ಪಿಯು ಪಾಠದ ಜೊತೆಗೇ ನೀಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆಗೂ ಕೋಚಿಂಗ್ ಕೊಡುವ ಬ್ಯಾಚ್) ನಾನು 5ಕ್ಕೆ 3 ಕೊಡುತ್ತೇನೆ. ಪಾಠಕ್ಕೆ 4, ಟೈಮ್‌ಟೇಬಲ್‌ಗೆ 2, ಬ್ಯಾಚ್ ಬದಲಿಸಿಕೊಟ್ಟ ರೀತಿಗೆ 3. ಕಾಲೇಜಿನ ಹೆಸರು ಬರೆಯುವುದಿಲ್ಲ. ಇಲ್ಲಿ ನನಗೆ ಮುಖ್ಯವಾದದ್ದು ಈ ಥರದ ಬ್ಯಾಚ್‌ನಲ್ಲಿ ಮಗುವಿನ ದಿನ ಹೇಗಿರುತ್ತದೆ, ಅದನ್ನು ಬದಲಿಸಲು ಹೊರಟರೆ ಏನೇನು ನೋಡಬೇಕು ಅನ್ನುವುದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ತಕ್ಷಣ ಅಡ್ಮಿಷನ್‌ಗೆ ಓಡುವ ಅಪ್ಪ ಅಮ್ಮಂದಿರು ಇದನ್ನು ಓದಿದರೆ ಒಳ್ಳೆಯದು. ಈಗಾಗಲೇ ಸೇರಿಸಿ, ಮಗು ಸಂಜೆ ಬಂದು ಮಾತೇ ಆಡದೆ ಮಲಗುವುದನ್ನು ನೋಡುತ್ತಿರುವವರು ಖಂಡಿತ ಓದಿ.

ಮಗಳು ಫಸ್ಟ್ ಪಿಯು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ಜೂನ್‌ನಲ್ಲಿ ನೀಟ್ ಬ್ಯಾಚ್‌ಗೆ ಸೇರಿದಳು. ದಸರಾ ರಜೆಗೆ ಮುಂಚೆ ಬ್ಯಾಚ್ ಬದಲಿಸಿದೆವು. ಕಾಲೇಜು ಅದೇ, ಕಾಂಬಿನೇಷನ್ ಅದೇ, ಟೈಮ್‌ಟೇಬಲ್ ಮಾತ್ರ ಬೇರೆ.

ಸೇರಿದ ವಾರವೇ ಒಂದು ಟೈಮ್‌ಟೇಬಲ್ ಹಾಳೆ ಕೊಟ್ಟರು. ನೋಡಲು ಚೆನ್ನಾಗಿತ್ತು. ಬೋರ್ಡ್ ಪಾಠಕ್ಕೆ ಒಂದು ಬಣ್ಣ, ನೀಟ್ ಪಾಠಕ್ಕೆ ಒಂದು, ಟೆಸ್ಟ್‌ಗೆ ಒಂದು. ಬೆಳಿಗ್ಗೆ 8ಕ್ಕೆ ಶುರು, ಸಂಜೆ 6.30ಕ್ಕೆ ಬಿಡುವುದು. ಮಧ್ಯಾಹ್ನ ಊಟಕ್ಕೆ 40 ನಿಮಿಷ. ಕೊನೆಯ ಎರಡು ಗಂಟೆ ‘ಸ್ಟಡಿ ಅವರ್’, ಅಂದರೆ ಅಲ್ಲೇ ಕೂತು ಆ ದಿನದ ಪ್ರಶ್ನೆಗಳನ್ನು ಬಿಡಿಸಬೇಕು, ಒಬ್ಬರು ಮೇಲ್ವಿಚಾರಣೆಗೆ ಇರುತ್ತಾರೆ. ಶನಿವಾರವೂ ಪೂರ್ತಿ ದಿನ. ಭಾನುವಾರ ಬೆಳಿಗ್ಗೆ ಟೆಸ್ಟ್. ನಾವಿರುವುದು ಹೂಟಗಳ್ಳಿ ಕಡೆ, ಹಾಗಾಗಿ ಇವಳು 7 ಗಂಟೆಗೆಲ್ಲ ಮನೆ ಬಿಡಬೇಕು, ವಾಪಸ್ ಬರುವಾಗ 7.30 ಆಗಿರುತ್ತದೆ. ಬಂದು ಕೈಕಾಲು ತೊಳೆದು, ತಿಂದು, ರೆಕಾರ್ಡ್ ಬರೆದು, ಭಾಷೆಯ ಹೋಂವರ್ಕ್ ಮುಗಿಸುವಷ್ಟರಲ್ಲಿ 11.30. ಬೆಳಿಗ್ಗೆ 5.30ಕ್ಕೆ ಅಲಾರಾಂ. 13ರಿಂದ 18 ವಯಸ್ಸಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ದೆಯ ತಜ್ಞರು. ಈ ಹಾಳೆಯ ಪ್ರಕಾರ ನಡೆದರೆ 6 ಗಂಟೆ ಸಿಕ್ಕರೆ ಹೆಚ್ಚು. ಆ ಲೆಕ್ಕ ಹಾಳೆಯ ಮೇಲೆ ಎಲ್ಲೂ ಇರುವುದಿಲ್ಲ, ಅಲ್ವಾ? ಪೋಷಕರೇ ಪೆನ್ನು ಹಿಡಿದು ಬಸ್ಸಿನ ಸಮಯ ಸೇರಿಸಿ ನೋಡಬೇಕು.

ಒಳ್ಳೆಯದನ್ನೂ ಹೇಳಬೇಕು, ಅದೂ ಬಿಚ್ಚುಮನಸ್ಸಿನಿಂದ. ಬಯಾಲಜಿ ಪಾಠ ಅದ್ಭುತವಾಗಿತ್ತು. ಮೇಡಂ ಎನ್‌ಸಿಇಆರ್‌ಟಿ ಪುಸ್ತಕದ ಒಂದೊಂದು ಸಾಲನ್ನೂ ಬಿಡದೆ ಓದಿಸುತ್ತಿದ್ದರು, ಚಿತ್ರ ಬರೆಸುತ್ತಿದ್ದರು, ಚಿತ್ರದ ಕೆಳಗಿನ ಸಣ್ಣ ಅಕ್ಷರದಿಂದಲೂ ಪ್ರಶ್ನೆ ಕೇಳುತ್ತಿದ್ದರು. ನೀಟ್‌ಗೆ ಇದೇ ಬೇಕಾಗಿರುವುದು. ಒಟ್ಟು 180 ಪ್ರಶ್ನೆಯಲ್ಲಿ 90 ಬಯಾಲಜಿ, 720ರಲ್ಲಿ 360 ಅಂಕ ಅದೊಂದರಿಂದಲೇ ಬರುತ್ತದೆ. ಟೆಸ್ಟ್ ಆದಮೇಲೆ ಕೊಡುವ ಒಂದು ಪುಟದ ವಿವರವೂ ನನಗೆ ಬಹಳ ಇಷ್ಟವಾಯಿತು. ಯಾವ ಅಧ್ಯಾಯದಲ್ಲಿ ಎಷ್ಟು ತಪ್ಪು, ಗೊತ್ತಿಲ್ಲದೆ ಬಿಟ್ಟದ್ದೆಷ್ಟು, ಗೊತ್ತಿಲ್ಲದಿದ್ದರೂ ಗುರುತು ಹಾಕಿ ಕಳೆದುಕೊಂಡದ್ದೆಷ್ಟು, ಎಲ್ಲ ಬಿಡಿಬಿಡಿಯಾಗಿ ಇರುತ್ತಿತ್ತು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುವ ಪರೀಕ್ಷೆಯಲ್ಲಿ ಈ ಮೂರನೆಯ ಸಂಖ್ಯೆ ತುಂಬ ಮುಖ್ಯ. ಮಗಳು ಅದನ್ನು ನೋಡಿ ನೋಡಿಯೇ ಸುಮ್ನೆ ಗುರುತು ಹಾಕುವುದನ್ನು ಬಿಟ್ಟಳು. ಪಾಠಕ್ಕೆ 4 ಕೊಟ್ಟಿದ್ದು ಈ ಎರಡಕ್ಕೇ.

ಬೇಜಾರಾಗಿದ್ದು ಲ್ಯಾಬ್ ವಿಷಯದಲ್ಲಿ. ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಎರಡು ಲ್ಯಾಬ್ ಅಂತಲೇ ಇತ್ತು. ಆದರೆ ಯಾವುದಾದರೂ ಟೆಸ್ಟ್ ಬಂದರೆ, ಪೋರ್ಷನ್ ಉಳಿದರೆ, ಹೊರಗಿನಿಂದ ಯಾರಾದರೂ ಪಾಠಕ್ಕೆ ಬಂದರೆ, ಮೊದಲು ಹೋಗುತ್ತಿದ್ದುದು ಲ್ಯಾಬ್ ಅವಧಿಯೇ. ಒಂದು ದಿನ ಇವಳ ಫಿಸಿಕ್ಸ್ ರೆಕಾರ್ಡ್ ತೆಗೆದು ನೋಡಿದೆ. ಸ್ಕ್ರೂ ಗೇಜ್‌ನಿಂದ ತಂತಿಯ ವ್ಯಾಸ ಅಳೆಯುವ ಪ್ರಯೋಗ. ಕೋಷ್ಟಕ ಭರ್ತಿಯಾಗಿದೆ, ಪಿಚ್ ಸ್ಕೇಲ್, ಹೆಡ್ ಸ್ಕೇಲ್, ಝೀರೋ ಎರರ್ ಎಲ್ಲ ಇದೆ, ಸರಾಸರಿಯೂ ಚಂದವಾಗಿ ಬಂದಿದೆ. ರ‍್ಯಾಚೆಟ್ ತಿರುಗಿಸಿದಾಗ ಯಾವ ಸದ್ದು ಬಂದರೆ ನಿಲ್ಲಿಸಬೇಕು ಅಂತ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಸ್ಕ್ರೂ ಗೇಜ್ ಮುಟ್ಟಿಯೇ ಇರಲಿಲ್ಲ. ರೀಡಿಂಗ್ ಬೋರ್ಡ್ ಮೇಲೆ ಬರೆದಿದ್ದರಂತೆ, ಎಲ್ಲರೂ ಇಳಿಸಿಕೊಂಡರಂತೆ. ನನಗೆ ನಿಜಕ್ಕೂ ಸಂಕಟವಾಯಿತು. ವಿಜ್ಞಾನ ಓದುವ ಹುಡುಗಿ ಇನ್ನೊಬ್ಬರು ಅಳೆದ ತಂತಿಯ ವ್ಯಾಸ ಬರೆದುಕೊಂಡು ಬಂದರೆ ಅದಕ್ಕೆ ಓದು ಅನ್ನೋಕಾಗುತ್ತಾ? ಅಂಕದ ದೃಷ್ಟಿಯಿಂದ ನೋಡಿದರೂ ನಷ್ಟವೇ. ಸೆಕೆಂಡ್ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ 70 ಅಂಕ ಥಿಯರಿ, 30 ಅಂಕ ಪ್ರಾಕ್ಟಿಕಲ್. 600ರಲ್ಲಿ 90 ಅಂಕ ಲ್ಯಾಬ್‌ನದ್ದೇ.

ಕನ್ನಡದ ಪಾಠವೂ ಹಾಗೇ. ಅವಧಿ ಇತ್ತು, ಆದರೆ ದಿನದ ಕೊನೆಗೆ, ಮಕ್ಕಳು ಸುಸ್ತಾದ ಹೊತ್ತಿಗೆ. ಕನ್ನಡವೂ 100 ಅಂಕದ ವಿಷಯ, ಬೇರೆ ಯಾವುದಕ್ಕೂ ಕಡಿಮೆಯಿಲ್ಲ.

ಇನ್ನು ಬದಲಿಸಬೇಕಾ ಬೇಡವಾ ಅನ್ನುವ ಪ್ರಶ್ನೆ. ನಮ್ಮ ಮನೆಯಲ್ಲಿ ಇದು ಬಹಳ ದಿನ ನಡೆಯಿತು. ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು, ಎಲ್ಲರದ್ದೂ ಒಂದೊಂದು ಮಾತು. ‘ಸ್ವಲ್ಪ ಕಷ್ಟಪಡಲಿ, ಎರಡೇ ವರ್ಷ’ ಅನ್ನುವವರೇ ಜಾಸ್ತಿ. ಕಷ್ಟಪಡುವುದಕ್ಕೆ ನನ್ನ ತಕರಾರಿಲ್ಲ. ಯಾವ ಪರೀಕ್ಷೆಗೆ ಕಷ್ಟಪಡುತ್ತಿದ್ದಾಳೆ ಅನ್ನುವುದೇ ನನ್ನ ಪ್ರಶ್ನೆ. ಕೊನೆಗೆ ಮಗಳನ್ನೇ ಕೂರಿಸಿಕೊಂಡು ಕೇಳಿದೆವು: ನೀನು ನಿಜವಾಗಿ ಬರೆಯುವ ಪರೀಕ್ಷೆ ಯಾವುದು? ಅವಳು ಎಂಜಿನಿಯರಿಂಗ್ ಅಂದಳು. ಬಯಾಲಜಿ ಇಷ್ಟ, ಆದರೆ ಡಾಕ್ಟರ್ ಆಗುವ ಆಸೆಯಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು.

ಇದು ಗೊತ್ತಾದ ಮೇಲೆ ಲೆಕ್ಕ ಸುಲಭವಾಯಿತು. ನೀಟ್‌ನಲ್ಲಿ ಮ್ಯಾಥ್ಸ್ ಇಲ್ಲವೇ ಇಲ್ಲ. ಅವಳ ಟೈಮ್‌ಟೇಬಲ್‌ನಲ್ಲಿ ಮ್ಯಾಥ್ಸ್ ಬೋರ್ಡ್‌ಗೆ ಬೇಕಾದಷ್ಟೇ ಇತ್ತು, ಸ್ಟಡಿ ಅವರ್‌ನಲ್ಲಂತೂ ಒಂದು ಲೆಕ್ಕವನ್ನೂ ಮಾಡಿಸುತ್ತಿರಲಿಲ್ಲ. ಎಂಜಿನಿಯರಿಂಗ್‌ಗೆ ಹೋಗುವವಳ ಹೆಚ್ಚುವರಿ ಸಮಯವೆಲ್ಲ ಮ್ಯಾಥ್ಸ್ ಇಲ್ಲದ ಪರೀಕ್ಷೆಗೆ ಹೋಗುತ್ತಿತ್ತು.

ಎಂಜಿನಿಯರಿಂಗ್ ಸೀಟಿಗೆ ನಮ್ಮ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ ಕೆಸಿಇಟಿಯ ಕಥೆಯೇ ಬೇರೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಮ್ಮ ಪಿಯು ಪುಸ್ತಕದಿಂದಲೇ ಪ್ರಶ್ನೆ ಬರಬೇಕು. 2024ರಲ್ಲಿ ಸಿಲಬಸ್ ಹೊರಗಿನ ಪ್ರಶ್ನೆ ಬಂದಾಗ ಮಕ್ಕಳು, ಪೋಷಕರು ಗಲಾಟೆ ಮಾಡಿದ್ದರಿಂದ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದ್ದು ಎಲ್ಲರಿಗೂ ನೆನಪಿರಬೇಕು. ಎಲ್ಲಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಕೆಸಿಇಟಿ ಅಂಕ ಅರ್ಧ, ಪಿಯು ಪರೀಕ್ಷೆಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಇನ್ನರ್ಧ. ಅಂದರೆ ಬೋರ್ಡ್ ಪರೀಕ್ಷೆಯನ್ನು ‘ಅದೇನು ಬಿಡು, ಪಾಸಾದರೆ ಸಾಕು’ ಅನ್ನುವ ಮಾತು ಕೆಸಿಇಟಿ ಬರೆಯುವ ಮಗುವಿಗೆ ಹೊಂದುವುದಿಲ್ಲ. ನೀಟ್‌ನಲ್ಲಿ ಹಾಗಲ್ಲ, ಅಲ್ಲಿ ಪಿಯು ಅಂಕ ಬರೀ ಅರ್ಹತೆಗೆ, ರ‍್ಯಾಂಕ್‌ಗೆ ಸೇರುವುದಿಲ್ಲ. ನೀಟ್ ಬ್ಯಾಚ್‌ನಲ್ಲಿ ಬೋರ್ಡ್ ಪಾಠವನ್ನು ಓಡಿಸಿಬಿಡುವುದಕ್ಕೆ ಕಾರಣ ಇದೇ. ಅದು ಅವರ ಮಟ್ಟಿಗೆ ಸರಿಯೇ ಇರಬಹುದು. ನಮ್ಮ ಮಗಳಿಗೆ ಸರಿಯಿರಲಿಲ್ಲ.

ನಮ್ಮ ಮುಂದೆ ಮೂರು ದಾರಿ ಇತ್ತು. ಇದ್ದಲ್ಲೇ ಇರುವುದು. ಪಿಸಿಎಂಬಿ ಇಟ್ಟುಕೊಂಡೇ ಅದೇ ಕಾಲೇಜಿನ ಕೆಸಿಇಟಿ ಬ್ಯಾಚ್‌ಗೆ ಹೋಗುವುದು, ಅಲ್ಲಿ 4.15ಕ್ಕೆ ಬಿಡುತ್ತಾರೆ. ಇಲ್ಲವೇ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಪಿಸಿಎಂಸಿಗೆ ಹೋಗುವುದು.

ಮೂರನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲೇ ಪೋಷಕರಿಗೆ ತುಂಬ ಗೊಂದಲ. ಮುಂದೆ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮಾಡಬೇಕಾದರೆ ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಪಿಸಿಎಂಬಿ ಓದಿದವರೂ ಆ ಸೀಟು ತೆಗೆದುಕೊಳ್ಳಬಹುದು, ಪ್ರತಿ ವರ್ಷ ತೆಗೆದುಕೊಳ್ಳುತ್ತಾರೆ. ಪಿಯುನಲ್ಲಿ ಈಗ ಪೈಥಾನ್ ಕಲಿಸುತ್ತಾರೆ, ಮೊದಲೇ ಕಲಿತಿದ್ದರೆ ಎಂಜಿನಿಯರಿಂಗ್ ಮೊದಲ ವರ್ಷ ಸ್ವಲ್ಪ ಹಗುರ, ಅಷ್ಟೇ. ಆದರೆ ಬಯಾಲಜಿ ಬಿಟ್ಟರೆ ಮುಚ್ಚುವ ಬಾಗಿಲುಗಳು ಹಲವು. ಬಿಎಸ್ಸಿ ಅಗ್ರಿ, ವೆಟರ್ನರಿ, ನೀಟ್, ಎಲ್ಲಕ್ಕೂ ಬಯಾಲಜಿ ಬೇಕು. ಪಿಯು ಮುಗಿದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯಲು ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ನವೆಂಬರ್‌ನಲ್ಲಿ ಅವಕಾಶ ಕೊಟ್ಟಿತು, ನಿಜ. ಆದರೆ ಅದು ಸುತ್ತಿ ಬಳಸಿ ಹೋಗುವ ದಾರಿ. ನಮ್ಮ ಮಾವನವರದ್ದು ಹುಣಸೂರು ಕಡೆ ಜಮೀನು. ಇವಳಿಗೆ ಗಿಡ ಮರದ ಮೇಲೆ ಪ್ರೀತಿ, ನಾಳೆ ಅಗ್ರಿ ಓದುತ್ತೇನೆ ಅಂದರೂ ಆಶ್ಚರ್ಯವಿಲ್ಲ. 16 ವರ್ಷದ ಹುಡುಗಿಯ ಮನಸ್ಸು ಇನ್ನೊಂದು ವರ್ಷದಲ್ಲಿ ಬದಲಾಗಬಹುದು, ಅದಕ್ಕೆ ಜಾಗ ಬಿಡಬೇಕು ಅನ್ನಿಸಿತು. ಅದೂ ಅಲ್ಲದೆ ಅಷ್ಟು ಪಾಠ ಮುಗಿದ ಮೇಲೆ ಹೊಸ ವಿಷಯ ಶುರು ಮಾಡುವುದು ಬೇರೆಯೇ ತಲೆನೋವು.

ಬಯಾಲಜಿ ಕಂಡರೇ ಆಗದ ಮಗುವಿಗೆ ಪಿಸಿಎಂಸಿಯೇ ಸರಿ. ಅಂಥವರು ಸುಮ್ನೆ ‘ಎಲ್ಲ ಬಾಗಿಲು ತೆರೆದಿರಲಿ’ ಅಂತ ಎರಡು ವರ್ಷ ಒದ್ದಾಡುವುದು ಬೇಡ. ಬದಲಿಸುವುದಾದರೆ ಕಾಲೇಜು ಶುರುವಾದ ಮೊದಲ ಕೆಲವು ವಾರಗಳಲ್ಲೇ ಬದಲಿಸಿ. ಎಸ್‌ಎಟಿಎಸ್‌ನಲ್ಲಿ (ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ಕಾಂಬಿನೇಷನ್ ಸಮೇತ ವಿವರ ಏರಿದ ಮೇಲೆ ಅದನ್ನು ತಿದ್ದಿಸುವುದು ಕಷ್ಟ. ಬ್ಯಾಚ್ ಬದಲಾವಣೆಗೆ ಆ ತೊಂದರೆಯಿಲ್ಲ, ಅದು ಪೂರ್ತಿ ಕಾಲೇಜಿನ ಒಳಗಿನ ವಿಷಯ. ಈ ಎರಡನ್ನೂ ಒಂದೇ ಅಂದುಕೊಂಡು ‘ಇನ್ನು ಏನೂ ಮಾಡೋಕಾಗಲ್ಲ’ ಅಂತ ಕೈಚೆಲ್ಲಿ ಕೂತವರನ್ನು ನೋಡಿದ್ದೇನೆ.

ನಾವು ಎರಡನೆಯದನ್ನು ಆರಿಸಿದೆವು.

ಬದಲಿಸಿಕೊಳ್ಳುವುದು ಹೇಗಿತ್ತು? ಮೊದಲು ಅಡ್ಮಿಷನ್ ಕೌಂಟರ್‌ನಲ್ಲಿ ಕೂರುವವರ ಹತ್ತಿರ ಕಳಿಸಿದರು. ಅವರದ್ದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. ಆಗುತ್ತೆ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಇನ್ನೊಂದು ಟೆಸ್ಟ್ ನೋಡೋಣ, ಈ ಹಂತದಲ್ಲಿ ಎಲ್ಲ ಮಕ್ಕಳೂ ಹೀಗೇ ಅನ್ನುತ್ತಾರೆ, ಕೆಳಗಿನ ಬ್ಯಾಚ್‌ಗೆ ಹೋದರೆ ಮಗುವಿನ ಆತ್ಮವಿಶ್ವಾಸ ಕುಗ್ಗುತ್ತೆ. ಆ ‘ಕೆಳಗಿನ ಬ್ಯಾಚ್’ ಅನ್ನುವ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅದೂ ಮಗಳ ಎದುರಿಗೇ ಅಂದರು. ಬೇರೆ ಪರೀಕ್ಷೆಗೆ ಓದುವ ಬ್ಯಾಚ್ ಅದು, ಕೆಳಗಿನದು ಮೇಲಿನದು ಅಂತ ಯಾಕೆ? ಮಕ್ಕಳು ಇಂಥ ಮಾತನ್ನು ಮರೆಯುವುದಿಲ್ಲ. ಅಂಥ ಕುರ್ಚಿಯಲ್ಲಿ ಕೂರುವವರಿಗೆ ಇದು ಗೊತ್ತಿರಬೇಕು.

ಪ್ರಿನ್ಸಿಪಾಲರನ್ನು ನೇರವಾಗಿ ಭೇಟಿ ಮಾಡಿದ ಮೇಲೆ ಕೆಲಸ ಸಲೀಸಾಯಿತು. ಅವರು ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು, ನಮ್ಮನ್ನು ಹೊರಗೆ ಕಳಿಸಿದರು. ಅದು ಬಹಳ ಒಳ್ಳೆಯ ಕ್ರಮ ಅನ್ನಿಸಿತು. ಆಮೇಲೆ ನಮ್ಮನ್ನು ಕರೆದು, ಇವಳಿಗೆ ಏನು ಬೇಕು ಅಂತ ಇವಳಿಗೆ ಗೊತ್ತಿದೆ, ಸೋಮವಾರದಿಂದ ಆ ಸೆಕ್ಷನ್‌ಗೆ ಹೋಗಲಿ ಅಂದರು. ಒಂದು ಅರ್ಜಿ, ಇಬ್ಬರ ಸಹಿ, ಮುಗಿಯಿತು. ಲ್ಯಾಬ್ ಬ್ಯಾಚ್ ಬದಲಾಯಿತು. ಕಾಲೇಜು ಬಸ್ಸು ಮಾತ್ರ 6.45ಕ್ಕೇ ಹೊರಡುವುದರಿಂದ ಸಂಜೆ ಸಿಟಿ ಬಸ್ಸಿನಲ್ಲಿ ಬರುತ್ತಾಳೆ.

ದುಡ್ಡಿನ ವಿಷಯದಲ್ಲಿ ಅಷ್ಟು ಖುಷಿಯಿಲ್ಲ. ನೀಟ್ ಕೋಚಿಂಗ್‌ನ ಫೀಸು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿಕೊಂಡಿದ್ದರು. ಅರ್ಧ ವರ್ಷವೂ ಆಗಿರಲಿಲ್ಲ, ವಾಪಸ್ ಬಂದದ್ದು ಕಾಲು ಭಾಗಕ್ಕಿಂತ ಕಡಿಮೆ. ಸ್ಟಡಿ ಮೆಟೀರಿಯಲ್ ಕೊಟ್ಟಾಗಿದೆ, ಟೆಸ್ಟ್ ಸೀರೀಸ್‌ಗೆ ಹೆಸರು ಹೋಗಿದೆ ಅನ್ನುವ ಕಾರಣ. ಇಲ್ಲಿ ಒಂದು ವಿಷಯ ಎಲ್ಲ ಪೋಷಕರೂ ತಿಳಿದಿರಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸು ಕಟ್ಟಿದ ಮಗು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ವಾಪಸ್ ಕೊಡಬೇಕು ಅಂತ ಅದರಲ್ಲಿದೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೋಚಿಂಗ್ ಬೇಡ, ಶಾಲೆಯ ಹೊತ್ತಿನಲ್ಲಿ ಕೋಚಿಂಗ್ ಬೇಡ, ವಾರಕ್ಕೊಂದು ರಜೆ ಇರಲೇಬೇಕು, ರಜೆಯ ಮಾರನೆಯ ದಿನ ಟೆಸ್ಟ್ ಇಡಬಾರದು ಅಂತಲೂ ಇದೆ. ಓದಿದಾಗ, ನಮ್ಮ ಮಕ್ಕಳ ದಿನವನ್ನು ಹತ್ತಿರದಿಂದ ನೋಡಿದವರೇ ಬರೆದಿದ್ದಾರೆ ಅನ್ನಿಸಿತು. ಆದರೆ ಅದು ಮಾರ್ಗಸೂಚಿ. ಜಾರಿಗೆ ತರುವುದು ರಾಜ್ಯಗಳ ಕೆಲಸ. ಕಾಲೇಜಿನ ಒಳಗೇ ನಡೆಯುವ ಇಂಟಿಗ್ರೇಟೆಡ್ ಬ್ಯಾಚ್‌ನವರು ‘ನಾವು ಕೋಚಿಂಗ್ ಸೆಂಟರ್ ಅಲ್ಲ, ಕಾಲೇಜು’ ಅಂತಾರೆ. ನಮಗೂ ಅದನ್ನೇ ಅಂದರು. ಕಾಲೇಜಿನ ಫೀಸಿಗೆ ಒಂದು ರಸೀದಿ, ಕೋಚಿಂಗ್‌ಗೆ ಇನ್ನೊಂದು ರಸೀದಿ ಕೊಟ್ಟವರು ಹೀಗೆ ಹೇಳುವುದು ನ್ಯಾಯವಲ್ಲ ಅಂತ ನಾನು ಅಲ್ಲೇ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ.

ಹೊಸ ಟೈಮ್‌ಟೇಬಲ್ ಹೇಗಿದೆ ಅಂದರೆ, ಮೊದಲ ಎರಡು ವಾರ ಇವಳು ಸ್ವಲ್ಪ ಮಂಕಾಗಿದ್ದಳು. ಗೆಳತಿಯರೆಲ್ಲ ಹಳೆ ಸೆಕ್ಷನ್‌ನಲ್ಲಿ, ಊಟದ ಬಿಡುವೂ ಬೇರೆ ಹೊತ್ತಿಗೆ. ಇದು ಚಿಕ್ಕ ವಿಷಯ ಅಲ್ಲ, ಬದಲಿಸುವವರು ಇದಕ್ಕೆ ತಯಾರಿರಿ. ಈಗ ಹೊಂದಿಕೊಂಡಿದ್ದಾಳೆ. 5.15ಕ್ಕೆ ಮನೆಯಲ್ಲಿರುತ್ತಾಳೆ. ಅರ್ಧ ಗಂಟೆ ಏನೂ ಮಾಡುವುದಿಲ್ಲ, ಮಾಡಬೇಡ ಅಂತ ನಾನೇ ಹೇಳಿದ್ದೇನೆ. ಆಮೇಲೆ ಮ್ಯಾಥ್ಸ್, ದಿನಾ ಮ್ಯಾಥ್ಸ್. 10 ಗಂಟೆಗೆ ಮಲಗುತ್ತಾಳೆ. ಲ್ಯಾಬ್ ಈ ಸೆಕ್ಷನ್‌ನಲ್ಲಿ ತಪ್ಪುವುದಿಲ್ಲ. ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ ಮಾಡಿದ ದಿನ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಪೂರ್ತಿ ವಿವರಿಸಿದಳು: ಬ್ಯುರೆಟ್‌ನಿಂದ ಹನಿ ಹನಿಯಾಗಿ ಬಿಡಬೇಕು, ತಿಳಿ ಗುಲಾಬಿ ಬಂದು ಹಾಗೇ ನಿಂತರೆ ಸಾಕು, ಒಂದು ಹನಿ ಜಾಸ್ತಿಯಾದರೆ ಗಾಢವಾಗಿ ಹೋಗುತ್ತೆ, ಮತ್ತೆ ಮೊದಲಿಂದ ಮಾಡಬೇಕು. ಹಳೆ ಬ್ಯಾಚ್‌ನಲ್ಲಿದ್ದ ಇಷ್ಟೂ ತಿಂಗಳಲ್ಲಿ ಕೆಮಿಸ್ಟ್ರಿ ಬಗ್ಗೆ ಇವಳು ಇಷ್ಟು ಮಾತಾಡಿರಲಿಲ್ಲ.

ಕಳೆದುಕೊಂಡದ್ದೂ ಇದೆ. ಆ ಬಯಾಲಜಿ ಮೇಡಂ ಈ ಸೆಕ್ಷನ್‌ಗೆ ಬರುವುದಿಲ್ಲ. ಈಗಿನವರು ಚೆನ್ನಾಗಿಯೇ ಮಾಡುತ್ತಾರೆ, ಆದರೆ ಆ ಮಟ್ಟ ಇಲ್ಲ. ಟೆಸ್ಟ್ ಆದಮೇಲಿನ ಆ ವಿವರದ ಪುಟವೂ ಇಲ್ಲಿಲ್ಲ, ಬರೀ ಅಂಕ ಕೊಡುತ್ತಾರೆ. ತಪ್ಪುಗಳ ಲೆಕ್ಕವನ್ನು ಈಗ ಅವಳೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾಳೆ. ಆ ವಿವರದ ಪುಟವನ್ನು ಎಲ್ಲ ಬ್ಯಾಚ್‌ಗೂ ಕೊಡಿ ಅಂತ ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದೇನೆ.

ಹಾಗಾದರೆ ನೀಟ್ ಬ್ಯಾಚ್ ಯಾರಿಗೆ ಸರಿ? ಎಂಬಿಬಿಎಸ್ ಮಾಡಲೇಬೇಕು ಅನ್ನುವ ಮಗುವಿಗೆ, ಕಾಲೇಜಿನ ಹತ್ತಿರವೇ ಮನೆ ಅಥವಾ ಹಾಸ್ಟೆಲ್ ಇದ್ದರೆ, ಧೈರ್ಯವಾಗಿ ಸೇರಿಸಿ. ಪಾಠದಲ್ಲಿ ಮೋಸವಿಲ್ಲ. ಇವಳ ಹಳೆ ಸೆಕ್ಷನ್‌ನ ಗೆಳತಿಯೊಬ್ಬಳು ಅಲ್ಲೇ ಇದ್ದಾಳೆ, ನಡೆದುಕೊಂಡು ಹೋಗುವಷ್ಟು ದೂರದ ಮನೆ, ತುಂಬ ಚೆನ್ನಾಗಿ ಓದುತ್ತಿದ್ದಾಳೆ. ಅವಳ ಅಮ್ಮ ಬದಲಿಸಬೇಕಾ ಅಂತ ನನ್ನನ್ನು ಕೇಳಿದಾಗ ಬೇಡವೇ ಬೇಡ ಅಂದೆ. ನೀಟ್ ಬರೆಯುವ ಆಸೆ ಅಪ್ಪ ಅಮ್ಮನದ್ದಾಗಿದ್ದು, ಮಗು ಸುಮ್ನೆ ತಲೆಯಾಡಿಸಿದ್ದರೆ ಮಾತ್ರ, ದಯವಿಟ್ಟು ಇನ್ನೊಂದು ಸಲ ಕೂತು ಮಾತಾಡಿ.

ಅಡ್ಮಿಷನ್‌ಗೆ ಹೋದಾಗ ಕೌಂಟರ್‌ನಲ್ಲಿ ತೋರಿಸುವ ಮಾಡೆಲ್ ಟೈಮ್‌ಟೇಬಲ್ ನೋಡಿ ಒಪ್ಪಬೇಡಿ. ಹೋದ ವರ್ಷ ಅಲ್ಲಿ ಓದಿದ ಮಗುವಿನ ರೆಕಾರ್ಡ್ ಬುಕ್ ಸಿಕ್ಕರೆ ನೋಡಿ, ಲ್ಯಾಬ್‌ನಲ್ಲಿ ಕೈಯಾರೆ ಏನೇನು ಮಾಡಿದೆ ಅಂತ ಆ ಮಗುವನ್ನೇ ಕೇಳಿ. ಭಾನುವಾರ ತಿಂಗಳಿಗೆ ಎಷ್ಟು ಬಿಡುವು ಅಂತ ಕೇಳಿ. ಬ್ಯಾಚ್ ಬದಲಿಸಿದರೆ ಯಾವ ತಿಂಗಳವರೆಗೆ ಎಷ್ಟು ಫೀಸು ವಾಪಸ್ ಅನ್ನುವುದನ್ನು ರಸೀದಿಯ ಹಿಂದೆಯಾದರೂ ಬರೆಸಿ, ಸೀಲು ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಒಂದು ವರ್ಷದ ಕೋಚಿಂಗ್ ಫೀಸು ಒಟ್ಟಿಗೆ ಕಟ್ಟಬೇಡಿ, ಕಂತಿನಲ್ಲಿ ಕಟ್ಟುತ್ತೇವೆ ಅಂತ ಹೇಳಿ. ನಾವು ಸೆಕೆಂಡ್ ಪಿಯುಗೂ ಇದೇ ಕಾಲೇಜಿನಲ್ಲಿ ಮುಂದುವರಿಯುತ್ತೇವೆ, ಕೆಸಿಇಟಿ ಬ್ಯಾಚ್‌ನಲ್ಲೇ, ಫೀಸು ಕಂತಿನಲ್ಲಿ.